ಬಾಗಿಲಂಚಿನ ರಬ್ಬರು ನಡೆದು ಬಂದ ದಾರಿ

ಮೈಸೂರಿನ ಮಳೆಗೆ ಅದರದೇ ಆದ ಒಂದು ಗುಣವಿದೆ. ಮಡಿಕೇರಿಯ ಮಳೆಯಂತೆ ಅದು ದಿನಗಟ್ಟಲೆ ಹಿಡಿದು ಸುರಿಯುವುದಿಲ್ಲ. ವರ್ಷವಿಡೀ ಸೇರಿಸಿದರೂ ಸುಮಾರು 800 ಮಿಲಿಮೀಟರ್, ಅಷ್ಟೆ. ಆದರೆ ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ದಸರಾದ ಆಸುಪಾಸಿನಲ್ಲಿ, ಗಾಳಿಯನ್ನು ಜತೆಗೂಡಿಸಿಕೊಂಡು ಬಂದು ಅರ್ಧ ಗಂಟೆ ಓರೆಯಾಗಿ ಬಾರಿಸಿ ಹೋಗುತ್ತದೆ. ನೆಟ್ಟಗೆ ಬೀಳುವ ಮಳೆಯನ್ನು ಕಾರಿನ ಛಾವಣಿ ತಡೆಯುತ್ತದೆ. ಓರೆಯಾಗಿ ಬರುವ ಮಳೆಯನ್ನು ತಡೆಯಬೇಕಾದದ್ದು ಬಾಗಿಲಿನ ಅಂಚಿಗಿರುವ ಹೆಬ್ಬೆರಳ ದಪ್ಪದ ರಬ್ಬರು ಪಟ್ಟಿ. ಗ್ಯಾರೇಜಿನವರು ಅದನ್ನು ‘ಡೋರ್ ಬೀಡಿಂಗ್’ ಎನ್ನುತ್ತಾರೆ.

ನಮ್ಮ ತಂದೆಯವರು 1991ರಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕಾರನ್ನು ಸೆಕೆಂಡ್ ಹ್ಯಾಂಡಾಗಿ ಕೊಂಡರು. 1984ರ ಮಾಡೆಲ್. 1993ರ ದಸರಾ ಕಳೆದ ವಾರ ಒಂದು ರಾತ್ರಿ ಜೋರು ಮಳೆ ಬಂದು, ಬೆಳಿಗ್ಗೆ ಬಾಗಿಲು ತೆಗೆದರೆ ಕಾಲಿಡುವಲ್ಲಿ ಹಾಸಿದ್ದ ಮ್ಯಾಟು ನೀರಿನಲ್ಲಿ ನೆನೆದು ಒಂದು ಬಗೆಯ ಮುಗ್ಗಲು ವಾಸನೆ. ನಾನಾಗ ಹೈಸ್ಕೂಲಿನಲ್ಲಿದ್ದೆ. ಬೀಡಿಂಗ್ ಹಳೆಯದಾಗಿದೆ, ಬದಲಾಯಿಸಿದರೆ ಸರಿಹೋಗುತ್ತದೆ ಎಂದು ನೋಡಿದವರೆಲ್ಲ ಹೇಳಿದರು. ಒಂದು ಅಂಗಡಿಯಲ್ಲಿ ‘ಇದು ಎಲ್ಲಾ ಗಾಡಿಗೂ ಆಗುತ್ತೆ ಸಾರ್’ ಎಂದು ದಪ್ಪನೆಯ ಪಟ್ಟಿ ಕೊಟ್ಟರು. ಹಾಕಿಸಿದ ಮೇಲೆ ಬಾಗಿಲು ಮುಚ್ಚಬೇಕಾದರೆ ಇಡೀ ಬೀದಿಗೆ ಕೇಳಿಸುವಂತೆ ಬಡಿಯಬೇಕಾಯಿತು. ನೀರು ಮಾತ್ರ ಮೊದಲಿನಷ್ಟೇ ಬಂತು.

ಆ ನೀರು ಎಲ್ಲಿಂದ ಬರುತ್ತಿತ್ತು ಎಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಅದನ್ನು ಹೇಳುವ ಮೊದಲು ಈ ಪಟ್ಟಿಯ ಚರಿತ್ರೆಯನ್ನು ನೋಡೋಣ. ಟೆಲಿವಿಷನ್ ಮಾತುಕತೆಯಲ್ಲಿ ನಿಮಿಷಗಳ ಲೆಕ್ಕ ಹಾಕುವ ಕೆಲಸ ನನ್ನದು. ಇಲ್ಲಿ ಪುಟದ ಮೇಲೆ ಸ್ವಲ್ಪ ನಿಧಾನವಾಗಿ ನಡೆಯಬಹುದು.

ಮೋಟಾರು ಬರುವುದಕ್ಕೆ ಮೊದಲು ಮೈಸೂರಿನ ಬೀದಿಗಳಲ್ಲಿ ಓಡಾಡುತ್ತಿದ್ದುದು ಜಟಕಾ, ಸಾರೋಟು. ಜಟಕಾಕ್ಕೆ ಕಮಾನಿನಂತಹ ಹೊದಿಕೆ, ಮಳೆ ಬಂದರೆ ಇಳಿಬಿಡಲು ಒಂದು ಪರದೆ. ಬಾಗಿಲೇ ಇಲ್ಲದ ಮೇಲೆ ಬಾಗಿಲಿನ ಸಂದಿಯ ಚಿಂತೆ ಎಲ್ಲಿಯದು? ಮೊದಮೊದಲ ಮೋಟಾರು ಕಾರುಗಳೂ ಈ ವಿಷಯದಲ್ಲಿ ಗಾಡಿಗಳೇ ಆಗಿದ್ದವು. ಮಡಿಸುವ ಕ್ಯಾನ್ವಾಸ್ ಛಾವಣಿ, ಪಕ್ಕಕ್ಕೆ ಗುಂಡಿ ಹಾಕಿ ಕಟ್ಟುವ ಪರದೆ, ಆ ಪರದೆಯಲ್ಲಿ ಕಿಟಕಿಯ ಬದಲು ಹೊಲಿದ ಸೆಲ್ಯುಲಾಯ್ಡ್ ತುಂಡು. ಹಳೆಯ ಚಲನಚಿತ್ರಗಳ ಸುರುಳಿಯೂ ಇದೇ ವಸ್ತುವಿನದು. ಬಿಸಿಲಿಗೆ ಹಳದಿಯಾಗಿ ಮುರಿಯುವುದರಲ್ಲಿ ಎರಡಕ್ಕೂ ಭೇದವಿರಲಿಲ್ಲ. ಅಮೆರಿಕದಲ್ಲಿ 1919ರಲ್ಲಿ ಕೂಡ ತಯಾರಾದ ಹತ್ತು ಕಾರುಗಳಲ್ಲಿ ಒಂಬತ್ತು ಹೀಗೆ ತೆರೆದ ಕಾರುಗಳೇ. ಮುಚ್ಚಿದ ಕಾರು ಶ್ರೀಮಂತರ ಸ್ವತ್ತಾಗಿತ್ತು. ಅದರ ಒಡಲನ್ನು ಬಡಗಿಗಳು ಮರದ ಚೌಕಟ್ಟಿನ ಮೇಲೆ ಒಂದೊಂದಾಗಿ ಕೈಯಲ್ಲೇ ಮಾಡಬೇಕಾಗಿತ್ತು.

1922ರಲ್ಲಿ ಹಡ್ಸನ್ ಕಂಪೆನಿ ತನ್ನ ಎಸೆಕ್ಸ್ ಕಾರನ್ನು ಮುಚ್ಚಿದ ಒಡಲಿನಲ್ಲಿ ಕಡಿಮೆ ಬೆಲೆಗೆ ತಂದಿತು. 1925ರ ಹೊತ್ತಿಗೆ ಅದೇ ಕಂಪೆನಿಯ ತೆರೆದ ಕಾರಿಗಿಂತ ಮುಚ್ಚಿದ ಕಾರೇ ಅಗ್ಗವಾಯಿತು. ಆ ದಶಕ ಮುಗಿಯುವಷ್ಟರಲ್ಲಿ ಲೆಕ್ಕ ತಿರುಗುಮುರುಗಾಗಿತ್ತು: ಹತ್ತರಲ್ಲಿ ಒಂಬತ್ತು ಮುಚ್ಚಿದ ಕಾರುಗಳು. ಬಡಗಿಯ ಉಳಿ ಹೋಗಿ ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತುವ ಯಂತ್ರ ಬಂದಿತ್ತು.

ಇಲ್ಲಿಯೇ ಇರುವುದು ಸ್ವಾರಸ್ಯ. ಬಡಗಿಯಾದವನು ಬಾಗಿಲನ್ನು ಆ ಒಂದು ಚೌಕಟ್ಟಿಗೇ ಹೊಂದುವಂತೆ ಕೆತ್ತಿ ಕೂರಿಸುತ್ತಿದ್ದ. ಯಂತ್ರ ಹಾಗೆ ಮಾಡುವುದಿಲ್ಲ. ಸಾವಿರ ಬಾಗಿಲನ್ನು ಒಂದೆಡೆ, ಸಾವಿರ ಚೌಕಟ್ಟನ್ನು ಇನ್ನೊಂದೆಡೆ ಮಾಡಿ ಯಾವುದಕ್ಕೆ ಯಾವುದನ್ನಾದರೂ ಜೋಡಿಸುತ್ತದೆ. ಒಂದರಲ್ಲಿ ಸಂದಿ ನಾಲ್ಕು ಮಿಲಿಮೀಟರ್ ಆದರೆ ಇನ್ನೊಂದರಲ್ಲಿ ಏಳಾಗಬಹುದು. ಈ ಹೆಚ್ಚುಕಡಿಮೆಯನ್ನು ನುಂಗಿಕೊಳ್ಳಲು ಅದುಮಿದರೆ ತಗ್ಗುವ, ಬಿಟ್ಟರೆ ಮತ್ತೆ ಉಬ್ಬುವ ಒಂದು ವಸ್ತು ನಡುವೆ ಬೇಕು. ಮೊದಲು ಫೆಲ್ಟ್, ಚರ್ಮ, ಬಟ್ಟೆ ಹೊದಿಸಿದ ದಾರಗಳನ್ನು ಬಳಸಿ ನೋಡಿದರು. ಅವು ತಗ್ಗಿದವು, ಉಬ್ಬಲಿಲ್ಲ. ಕೊನೆಗೆ ನಿಂತದ್ದು ಸ್ಪಂಜಿನಂತಹ ರಬ್ಬರು. ಅದನ್ನು ಮಾಡುವ ಹಳೆಯ ವಿಧಾನ ನಮ್ಮ ಅಡುಗೆಮನೆಗೆ ದೂರವಲ್ಲ. ರಬ್ಬರಿಗೆ ಅಡುಗೆ ಸೋಡಾ ಬೆರೆಸಿ ಬಿಸಿ ಮಾಡಿದರೆ ಅದರಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ಸಾವಿರಾರು ಸಣ್ಣ ಗುಳ್ಳೆಗಳಾಗಿ ಒಳಗೇ ಸಿಕ್ಕಿಬೀಳುತ್ತದೆ.

ಗಾಳಿ ನುಸುಳದ ಕಡೆ ಶಬ್ದವೂ ಸುಲಭವಾಗಿ ನುಸುಳುವುದಿಲ್ಲ. ನಮ್ಮ ಧ್ವನಿಮುದ್ರಣದ ಕೋಣೆಗಳ ದಪ್ಪ ಬಾಗಿಲಿಗೂ ಇಂಥದೇ ಪಟ್ಟಿ ಇರುತ್ತದೆ. ಅದು ಸವೆದ ದಿನ ಹೊರಗಿನ ಆಟೋ ಹಾರ್ನು ವಿದ್ವಾಂಸರ ಮಾತಿನ ನಡುವೆ ಬಂದು ಕೂರುತ್ತದೆ.

ರಬ್ಬರು ಮೊದಲಿನಿಂದಲೂ ಇಷ್ಟು ಸಾಧುವಾಗಿರಲಿಲ್ಲ. ಮರದಿಂದ ಇಳಿದ ಹಾಲನ್ನು ಹೆಪ್ಪುಗಟ್ಟಿಸಿದರೆ ಸಿಗುವ ಕಚ್ಚಾ ರಬ್ಬರು ಬೇಸಿಗೆಯಲ್ಲಿ ಅಂಟಂಟಾಗುತ್ತದೆ, ಚಳಿಯಲ್ಲಿ ಬಿರುಸಾಗುತ್ತದೆ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರನ್ನು ಸೇರಿಸಿ ಮಳೆಯಂಗಿಗೆ ಬೇಕಾದ ಬಟ್ಟೆ ಮಾಡಿದ. ಅದಕ್ಕೂ ಬೇಸಿಗೆಯಲ್ಲಿ ಇದೇ ಗತಿ. 1826ರಲ್ಲಿ ಮೈಕೇಲ್ ಫ್ಯಾರಡೆ ರಬ್ಬರನ್ನು ವಿಶ್ಲೇಷಿಸಿ, ಐದು ಇಂಗಾಲಕ್ಕೆ ಎಂಟು ಜಲಜನಕ ಎಂಬ ಪ್ರಮಾಣವನ್ನು ಕಂಡುಹಿಡಿದ. ಆದರೆ ಅದನ್ನು ಪಳಗಿಸಿದ್ದು ರಸಾಯನ ಓದಿದವರಲ್ಲ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬ ಸಾಲಗಾರ ವ್ಯಾಪಾರಿ 1839ರಲ್ಲಿ ಗಂಧಕ ಬೆರೆಸಿದ ರಬ್ಬರು ಬಿಸಿ ಒಲೆಗೆ ತಾಗಿದಾಗ ಕರಗುವ ಬದಲು ಗಟ್ಟಿಯಾದುದನ್ನು ಕಂಡ. ಅಮೆರಿಕದ ಪೇಟೆಂಟು ಅವನಿಗೆ 1844ರಲ್ಲಿ ಸಿಕ್ಕಿತು. ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕ್ ಕೆಲವೇ ವಾರ ಮುಂಚೆ ಅರ್ಜಿ ಹಾಕಿ ಅಲ್ಲಿಯ ಹಕ್ಕು ತನ್ನದಾಗಿಸಿಕೊಂಡ. ಗುಡ್‌ಇಯರ್ 1860ರಲ್ಲಿ ಸಾಲ ಬಿಟ್ಟು ಸತ್ತ. ಅವನ ಹೆಸರಿನ ಟೈರು ಕಂಪೆನಿ ಹುಟ್ಟಿದ್ದು 1898ರಲ್ಲಿ. ಅವನಿಗಾಗಲಿ ಅವನ ಮನೆಯವರಿಗಾಗಲಿ ಅದರಲ್ಲಿ ಪಾಲಿರಲಿಲ್ಲ. ಕ್ವಿಜ್ ಸ್ಪರ್ಧೆಗಳಲ್ಲಿ ಇದನ್ನು ತಪ್ಪಾಗಿ ಹೇಳುವವರು ಈಗಲೂ ಇದ್ದಾರೆ.

ಒಲೆಯ ಮೇಲೆ ಆದದ್ದೇನು? ರಬ್ಬರು ಉದ್ದುದ್ದನೆಯ ಅಣುಸರಪಳಿಗಳ ಗೋಜಲು, ಸೇವಿಗೆಯ ಮುದ್ದೆಯ ಹಾಗೆ. ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಬಿಸಿಯಲ್ಲಿ ಗಂಧಕದ ಪರಮಾಣುಗಳು ಎಳೆಯಿಂದ ಎಳೆಗೆ ಅಲ್ಲಲ್ಲಿ ಗಂಟು ಹಾಕುತ್ತವೆ. ಆಮೇಲೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಗಂಟುಗಳು ಎಳೆಗಳನ್ನು ಮೊದಲಿನ ಜಾಗಕ್ಕೆ ತರುತ್ತವೆ. ಬಾಗಿಲಂಚಿಗೆ ಬೇಕಾದದ್ದು ಇಷ್ಟೇ.

ಬೇಡಿಕೆ ಏರಿತು. ರಬ್ಬರು ಸಿಗುತ್ತಿದ್ದುದು ಅಮೆಜಾನಿನ ಕಾಡುಮರಗಳಿಂದ, ಆಫ್ರಿಕದ ಕಾಂಗೋದಲ್ಲಿ ಬಳ್ಳಿಗಳಿಂದ. ಕಾಂಗೋವನ್ನು ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡ್ ತನ್ನ ಸ್ವಂತ ಜಹಗೀರಿಯಂತೆ ಆಳುತ್ತಿದ್ದ. ಗೊತ್ತುಪಡಿಸಿದಷ್ಟು ರಬ್ಬರು ತರದ ಹಳ್ಳಿಗಳ ಜನರನ್ನು ಅವನ ಸಿಪಾಯಿಗಳು ಹೊಡೆದರು, ಕೊಂದರು, ಕೈ ಕತ್ತರಿಸಿದರು. ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್‌ಮೆಂಟ್ ಕೊಟ್ಟ ವರದಿ 1904ರಲ್ಲಿ ಹೊರಬಂದು ಜಗತ್ತಿಗೆ ಇದು ತಿಳಿಯಿತು. 1908ರಲ್ಲಿ ದೊರೆಯ ಕೈಯಿಂದ ಕಾಂಗೋ ತಪ್ಪಿತು. ರಬ್ಬರಿನ ಚರಿತ್ರೆಯನ್ನು ಗುಡ್‌ಇಯರ್‌ನ ಒಲೆಯ ಕಥೆಗೆ ಮುಗಿಸಿಬಿಡುವ ಪಠ್ಯಪುಸ್ತಕಗಳ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ.

ಕಾಡಿನ ರಬ್ಬರಿನ ಕಾಲವನ್ನು ಕೊನೆಗಾಣಿಸಿದ್ದು ತೋಟದ ರಬ್ಬರು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷರವನು ಬ್ರೆಜಿಲ್‌ನಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ಮೂರು ಸಾವಿರಕ್ಕೂ ಕಡಿಮೆ. ಅವುಗಳಲ್ಲಿ ಬಹುಪಾಲು ಸಸಿಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಸಿಂಹಳಕ್ಕೆ, ಅಂದರೆ ಇಂದಿನ ಶ್ರೀಲಂಕಾಕ್ಕೆ ಕಳಿಸಿದರು. ಅಲ್ಲಿಂದ ರಬ್ಬರು ಮಲಯಕ್ಕೂ ನಮ್ಮ ನೆಲಕ್ಕೂ ಹರಡಿತು. 1902ರಲ್ಲಿ ಕೇರಳದ ಪೆರಿಯಾರ್ ದಂಡೆಯ ತಟ್ಟೇಕ್ಕಾಡಿನಲ್ಲಿ ಭಾರತದ ಮೊದಲ ವಾಣಿಜ್ಯ ತೋಟ ಎದ್ದಿತು. ಮುಂದೆ ದಕ್ಷಿಣ ಕನ್ನಡದ ಗುಡ್ಡಗಳಿಗೂ ಬಂತು.

ನಮ್ಮ ಪದ್ಮಿನಿಯಲ್ಲಿ ಕೂತೇ ನಾನು ಆ ಮರಗಳನ್ನು ಮೊದಲು ನೋಡಿದ್ದು. 1995ರ ಆಗಸ್ಟಿನಲ್ಲಿ ಪುತ್ತೂರಿನ ಬಂಧುಗಳ ಮನೆಗೆ ಹೊರಟೆವು. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವವರೆಗೂ ಅಮ್ಮ ಹಳೆಯ ಟವೆಲೊಂದನ್ನು ಬಾಗಿಲಿನ ಸಂದಿಗೆ ಒತ್ತಿ ಹಿಡಿದಿದ್ದರು. ಸುಳ್ಯ ಸಮೀಪಿಸಿದಂತೆ ರಸ್ತೆಯ ಪಕ್ಕ ಸಾಲುಸಾಲಾಗಿ ನೆಟ್ಟಗಿನ ಮರಗಳು, ಪ್ರತಿ ಮರದ ನಡುವಿಗೂ ಕಟ್ಟಿದ ಪ್ಲಾಸ್ಟಿಕ್ಕಿನ ಲಂಗ. ಅಪ್ಪ ಕಾರು ನಿಲ್ಲಿಸಿ ಕೇಳಿದರು. ತೊಗಟೆಯ ಮೇಲೆ ಓರೆಯಾಗಿ ಗೀರಿದ ಗಾಯಕ್ಕೆ ಮಳೆನೀರು ಬಿದ್ದರೆ ಹಾಲು ತೊಳೆದುಹೋಗುತ್ತದೆ, ಅದಕ್ಕೇ ಮೇಲ್ಭಾಗವನ್ನು ಅಂಟುಹಾಕಿ ಮರಕ್ಕೆ ಕೂರಿಸಿ ಈ ಲಂಗ ಕಟ್ಟುವುದು ಎಂದು ಅಲ್ಲಿದ್ದವರು ಹೇಳಿದರು. ಕಾರಿಗೆ ಮಳೆ ತಡೆಯುವ ವಸ್ತುವನ್ನು ಕೊಡುವ ಮರಕ್ಕೇ ಮಳೆ ತಡೆಯುವ ಪಟ್ಟಿ! ಅಪ್ಪನಿಗೆ ಅದನ್ನು ನೋಡಿ ಬಹಳ ನಗು ಬಂತು.

ಸುಳ್ಯ, ಪುತ್ತೂರು ಕಡೆಯ ರಬ್ಬರು ತೋಟಗಳಲ್ಲಿ ಬಹಳಷ್ಟು 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದವು. ಅವುಗಳಲ್ಲಿ ದುಡಿಯಲು ಬಂದವರ ಕಥೆ ಮರಗಳ ಕಥೆಗಿಂತ ದೊಡ್ಡದು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ತಮಿಳುನಾಡಿನ ಬಡವರನ್ನು ಸಿಂಹಳದ ಕಾಫಿ, ಚಹಾ ತೋಟಗಳಿಗೆ ಕೂಲಿಗೆ ಕರೆದೊಯ್ದರು. 1948ರಲ್ಲಿ ಸಿಂಹಳ ಸ್ವತಂತ್ರವಾದ ಮೇಲೆ ಅಲ್ಲಿಯ ಕಾನೂನು ಅವರಲ್ಲಿ ಹೆಚ್ಚಿನವರಿಗೆ ಪೌರತ್ವ ಕೊಡಲಿಲ್ಲ. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಹಾಗೂ ಸಿರಿಮಾವೊ ಬಂಡಾರನಾಯಿಕೆ ಒಪ್ಪಂದಕ್ಕೆ ಸಹಿ ಹಾಕಿದರು. ಒಂಬತ್ತೂಮುಕ್ಕಾಲು ಲಕ್ಷ ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಅಲ್ಲಿಗೆ, ಉಳಿದವರ ಮಾತು ಮುಂದಕ್ಕೆ. ಹಾಗೆ ‘ಮರಳಿ’ ಬಂದವರಲ್ಲಿ ಅನೇಕರು ಭಾರತವನ್ನು ಅದಕ್ಕೆ ಮೊದಲು ಕಂಡವರೇ ಅಲ್ಲ. ಅಂಥ ಕೆಲವು ಕುಟುಂಬಗಳಿಗೆ ಸುಳ್ಯದ ರಬ್ಬರು ತೋಟಗಳಲ್ಲಿ ಕೆಲಸವೂ ಸಾಲುಮನೆಗಳೂ ಸಿಕ್ಕವು. ಸಸಿ ಕ್ಯೂನಿಂದ ಸಿಂಹಳಕ್ಕೆ ಬಂದು ಅಲ್ಲಿಂದ ಇತ್ತ ದಾಟಿತು. ಜನ ತಮಿಳುನಾಡಿನಿಂದ ಸಿಂಹಳಕ್ಕೆ ಹೋಗಿ ಅಲ್ಲಿಂದ ಇತ್ತ ದಾಟಿದರು. ಎರಡೂ ಸೇರಿದ್ದು ಕನ್ನಡ, ತುಳು, ಅರೆಭಾಷೆ ಆಡುವ ಈ ಗುಡ್ಡಗಳಲ್ಲಿ.

ರಬ್ಬರು ಕೊಯ್ಯುವವರ ದಿನ ಬೆಳಕು ಹರಿಯುವ ಮೊದಲೇ ಶುರು. ಆ ಹೊತ್ತಿನಲ್ಲಿ ಮರದ ಒಳಗಿನ ಒತ್ತಡ ಹೆಚ್ಚಿದ್ದು ಹಾಲು ಚೆನ್ನಾಗಿ ಇಳಿಯುತ್ತದೆ. ಬಿಸಿಲೇರಿ ಎಲೆಗಳು ನೀರು ಕಳೆದುಕೊಂಡಂತೆ ಹರಿವು ಕುಗ್ಗುತ್ತದೆ. ಎಡದಿಂದ ಬಲಕ್ಕೆ ಇಳಿಯುವ ಓರೆ ಗೆರೆಯಲ್ಲಿ ಕೂದಲೆಳೆಯಷ್ಟು ತೊಗಟೆ ಹೆರೆಯಬೇಕು. ಆಳಕ್ಕೆ ಹೋದರೆ ಮರಕ್ಕೆ ಗಾಯ, ಮೇಲೇ ಉಳಿದರೆ ಹಾಲಿಲ್ಲ. ತೆಂಗಿನ ಚಿಪ್ಪಿನಲ್ಲಿ, ಅಲ್ಲಿಯವರ ಮಾತಿನಲ್ಲಿ ಗೆರಟೆಯಲ್ಲಿ, ತೊಟ್ಟಿಕ್ಕಿದ ಹಾಲಿಗೆ ಆಮ್ಲ ಬೆರೆಸಿ ಹೆಪ್ಪುಹಾಕಿ, ಒತ್ತಿ, ಹೊಗೆಗೂಡಿನಲ್ಲಿ ಒಣಗಿಸಿದರೆ ಶೀಟು. ಅಲ್ಲಿಂದ ಮುಂದೆ ಅದು ಕಾರ್ಖಾನೆಯ ಸರಕು. ಮೈಸೂರಿನ ಮೇಟಗಳ್ಳಿಯ ವಿಕ್ರಾಂತ್ ಟೈರ್ಸ್ ಕಾರ್ಖಾನೆಯನ್ನು ನೆನೆಯದೆ ನಮ್ಮೂರಿನಲ್ಲಿ ರಬ್ಬರಿನ ಮಾತು ಮುಗಿಯುವುದಿಲ್ಲ. 1997ರಲ್ಲಿ ಅದು ಜೆ.ಕೆ. ಸಮೂಹದ ಪಾಲಾಯಿತು. ಟೈರಿಗೆ ಈಗಲೂ ಸಹಜ ರಬ್ಬರು ಬೇಕು. ಬಾಗಿಲಂಚಿನಿಂದ ಮಾತ್ರ ಅದು ಹೆಚ್ಚುಕಡಿಮೆ ಮಾಯವಾಗಿದೆ. ಅದಕ್ಕೆ ಕಾರಣ ಓಝೋನ್.

ಹಳೆಯ ಬೀಡಿಂಗ್ ಸಿಕ್ಕಿದರೆ ಬಾಗಿಲಿನ ಮೂಲೆಯಲ್ಲಿ ಅದು ಬಾಗಿದ ಜಾಗವನ್ನು ನೋಡಿ. ನೇರವಾದ ಕಡೆ ನಯವಾಗಿಯೇ ಇರುವ ಪಟ್ಟಿಯಲ್ಲಿ ಮೂಲೆಗೆ ಮಾತ್ರ ಅಡ್ಡಡ್ಡ ಬಿರುಕು, ಒಣಗಿದ ಕೆರೆಯಂಗಳದ ಹಾಗೆ. ಸಹಜ ರಬ್ಬರಿನ ಸರಪಳಿಯಲ್ಲಿ ಇಂಗಾಲದ ಜೋಡಿಬಂಧಗಳಿವೆ. ಗಾಳಿಯಲ್ಲಿರುವ ಅತ್ಯಲ್ಪ ಓಝೋನ್ ಆ ಜೋಡಿಬಂಧಗಳನ್ನೇ ಕಡಿಯುತ್ತದೆ. ಬಾಗಿದ ಕಡೆ ರಬ್ಬರು ಹಿಗ್ಗಿ ನಿಂತಿರುವುದರಿಂದ ಕಡಿದ ತುದಿಗಳು ದೂರ ಸರಿದು ಬಿರುಕು ಬಾಯಿಬಿಡುತ್ತದೆ. ಎಣ್ಣೆ ಹಚ್ಚಿದರೆ ಹೊಳೆಯುತ್ತದೆ ಎಂದು ಕೆಲವರು ಹಚ್ಚುತ್ತಾರೆ. ಎಣ್ಣೆ ಒಳಹೊಕ್ಕು ಸಹಜ ರಬ್ಬರು ಇನ್ನಷ್ಟು ಊದಿ ಮೆತ್ತಗಾಗುತ್ತದೆ.

ಪರಿಹಾರ ಬಂದದ್ದು ಯುದ್ಧ ಮತ್ತು ಪ್ರಯೋಗಶಾಲೆಗಳ ಸುತ್ತುದಾರಿಯಲ್ಲಿ. 1942ರಲ್ಲಿ ಜಪಾನ್ ಮಲಯವನ್ನೂ ಇಂಡೊನೇಷ್ಯವನ್ನೂ ಹಿಡಿದಾಗ ತೋಟದ ರಬ್ಬರಿನ ಬಹುಭಾಗ ಮಿತ್ರರಾಷ್ಟ್ರಗಳ ಕೈತಪ್ಪಿ, ಅಮೆರಿಕ ಕೃತಕ ರಬ್ಬರನ್ನು ಭಾರಿ ಪ್ರಮಾಣದಲ್ಲಿ ಮಾಡತೊಡಗಿತು. ಯುದ್ಧ ಮುಗಿದ ಮೇಲೆ ಜರ್ಮನಿಯ ಕಾರ್ಲ್ ಝೀಗ್ಲರ್, ಇಟಲಿಯ ಜೂಲಿಯೊ ನಟ್ಟಾ ಹೊಸ ಬಗೆಯ ವೇಗವರ್ಧಕಗಳಿಂದ ಎಥಿಲೀನ್, ಪ್ರೊಪಿಲೀನ್ ಅನಿಲಗಳನ್ನು ಸರಪಳಿಯಾಗಿ ಹೆಣೆಯುವುದನ್ನು ತೋರಿಸಿದರು. 1963ರ ನೊಬೆಲ್ ಇಬ್ಬರಿಗೂ ಬಂತು. ಆ ದಾರಿಯಲ್ಲಿ 1960ರ ದಶಕದಲ್ಲಿ ಹುಟ್ಟಿದ ಇಪಿಡಿಎಂ ರಬ್ಬರಿನ ಬೆನ್ನೆಲುಬಿನಲ್ಲಿ ಜೋಡಿಬಂಧವೇ ಇಲ್ಲ. ಓಝೋನಿಗೆ ಕಡಿಯಲು ಏನೂ ಸಿಗುವುದಿಲ್ಲ. ಇಂದಿನ ಕಾರುಗಳ ಬೀಡಿಂಗ್ ಬಹುಪಾಲು ಇದರದೇ.

ಈಗ ನಮ್ಮ ನೀರಿನ ವಿಷಯಕ್ಕೆ ಬರುತ್ತೇನೆ. ಪುತ್ತೂರಿನಿಂದ ಬಂದ ಮೇಲೆ ಯಾರೋ ಹೇಳಿದರೆಂದು ಅಪ್ಪ ಮಂಡಿ ಮೊಹಲ್ಲಾದ ವಯಸ್ಸಾದ ಮೇಸ್ತ್ರಿಯೊಬ್ಬರ ಹತ್ತಿರ ಕಾರು ಒಯ್ದರು. ಅವರು ಮೊದಲು ಕೇಳಿದ್ದು ಒಂದು ಹಾಳೆ. ಅದನ್ನು ಉದ್ದಕ್ಕೆ ಸೀಳಿ, ಒಂದು ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ‘ಎಳಿ ಮರಿ’ ಎಂದರು. ಬಿಗಿಯಾಗಿ ಬಂದರೆ ಅಲ್ಲಿ ರಬ್ಬರು ಹಿಡಿದಿದೆ ಎಂದರ್ಥ, ಸಲೀಸಾಗಿ ಜಾರಿದರೆ ಇಲ್ಲ. ದಪ್ಪ ಬೀಡಿಂಗ್ ಕೀಲಿನ ಕಡೆ ಅತಿಯಾಗಿ ಒತ್ತಿ ಬಾಗಿಲನ್ನೇ ಹೊರಕ್ಕೆ ತಳ್ಳಿತ್ತು. ಹಿಡಿಯ ಕೆಳಗೆ ಕಾಗದ ಗಾಳಿಯಲ್ಲಿದ್ದಂತೆ ಬಂತು.

‘ಆದರೂ ಇಷ್ಟು ನೀರು ಇಲ್ಲಿಂದಲ್ಲ ಸ್ವಾಮಿ’ ಎಂದು ಅವರು ಬಾಗಿಲಿನ ಒಳಗಿನ ಹಲಗೆ ಬಿಚ್ಚಿದರು. ಕಿಟಕಿಯ ಗಾಜಿನ ಮೇಲೆ ಹೊರಗಿನಿಂದ ಒಂದು ಚೊಂಬು ನೀರು ಸುರಿದರು. ನೀರು ಗಾಜಿನ ಮೇಲಿಂದ ಇಳಿದು ಬಾಗಿಲಿನ ಹೊಟ್ಟೆಯೊಳಕ್ಕೇ ಹೋಯಿತು. ನಾನು ದಂಗಾದೆ. ಗಾಜು ಮೇಲೆ ಕೆಳಗೆ ಜಾರಲೇಬೇಕಾದ್ದರಿಂದ ಅದರ ಪಕ್ಕದ ಪಟ್ಟಿ ನೀರನ್ನು ಪೂರ್ತಿ ತಡೆಯಲಾರದು. ಕಾರು ಮಾಡಿದವರಿಗೆ ಇದು ಗೊತ್ತು. ಹಾಗಾಗಿ ಬಾಗಿಲಿನ ತಳದಲ್ಲಿ ತೂತುಗಳನ್ನು ಬಿಟ್ಟಿರುತ್ತಾರೆ, ಒಳಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಒಳಬಂದ ನೀರು ಹಾಳೆಯ ಆ ಬದಿಯಲ್ಲೇ ಇಳಿದು ತೂತಿನಿಂದ ಹೊರಹೋಗಬೇಕು. ನಮ್ಮ ಕಡೆಯ ತೊಟ್ಟಿಮನೆಯೂ ಹೀಗೆಯೇ ಅಲ್ಲವೆ? ಮಳೆಯನ್ನು ಮನೆಯ ನಡುವೆಯೇ ಬರಮಾಡಿಕೊಂಡು, ಬಚ್ಚಲುಗಂಡಿಯಿಂದ ಆಚೆ ಕಳಿಸುತ್ತದೆ. ಬಚ್ಚಲುಗಂಡಿ ಕಟ್ಟಿತೋ, ಮನೆಯೆಲ್ಲ ನೀರು.

ನಮ್ಮ ಕಾರಿನಲ್ಲಿ ತೂತುಗಳು ಮಣ್ಣಿನಿಂದ ಕಟ್ಟಿದ್ದವು. ಹಿಂದೆ ಎಂದೋ ಗಾಜು ಏರಿಸುವ ಯಂತ್ರ ರಿಪೇರಿ ಮಾಡಿದವರು ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡಿದ್ದರು. ಎರಡು ವರ್ಷ ನಾವು ರಬ್ಬರನ್ನು ಬೈದದ್ದು ದಂಡ. ಮೇಸ್ತ್ರಿ ಮ್ಯಾಟು ಎತ್ತಿ ನೆಲದ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದರು. ಅದು ಹಪ್ಪಳಕ್ಕೆ ಹೋದಂತೆ ಹೋಗಿ ಕೆಳಗಿನ ರಸ್ತೆ ಕಾಣಿಸಿತು. ಇಂಜಿನ್ನು ಕೆಟ್ಟರೆ ಬಿಚ್ಚಿ ಜೋಡಿಸಬಹುದು, ಪದ್ಮಿನಿಯಂತಹ ಕಾರಿಗೆ ಪ್ರತ್ಯೇಕ ಚಾಸಿಯಿಲ್ಲ, ಒಡಲೇ ಅದರ ಬೆನ್ನುಮೂಳೆ. ಗುಜರಿಗೆ ಹಾಕುವುದೋ ಉಳಿಸುವುದೋ ಎಂದು ಮನೆಯಲ್ಲಿ ಒಂದು ವಾರ ಮಾತು ನಡೆಯಿತು. ಅಪ್ಪ ಕೊನೆಗೆ ಉಳಿಸಿದರು. ಹೊಸ ತಗಡಿನ ಬೆಸುಗೆಗೆ ಆದ ಖರ್ಚನ್ನು ಅವರು ಅಮ್ಮನಿಗೆ ಸರಿಯಾಗಿ ಹೇಳಲೇ ಇಲ್ಲ.

ಮುಂದಿನ ಗಾಜಿನ ರಬ್ಬರನ್ನೂ ಆಗಲೇ ಬದಲಾಯಿಸಿದರು. ಅದನ್ನು ನೋಡಿದ್ದು ನನಗೆ ಯಾವ ಪ್ರಾಯೋಗಿಕ ತರಗತಿಗೂ ಕಡಿಮೆಯಲ್ಲ. ರಬ್ಬರನ್ನು ಮೊದಲು ಗಾಜಿನ ಸುತ್ತ ಕೂರಿಸಿ, ಒಳಗಿನ ತೋಡಿನಲ್ಲಿ ಒಂದು ದಾರವನ್ನು ಸುತ್ತಲೂ ಇಟ್ಟು ಅದರ ಎರಡು ತುದಿ ಕೆಳಗೆ ಬಿಟ್ಟರು. ಸೋಪಿನ ನೀರು ಸವರಿ ಗಾಜನ್ನು ಹೊರಗಿನಿಂದ ಹುಡುಗನೊಬ್ಬ ಅಂಗೈಯಲ್ಲಿ ಒತ್ತಿ ಹಿಡಿದ. ಮೇಸ್ತ್ರಿ ಒಳಗೆ ಕೂತು ದಾರವನ್ನು ನಿಧಾನವಾಗಿ ಎಳೆಯುತ್ತ ಹೋದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ಇಂಚಿಂಚಾಗಿ ದಾಟಿ ಒಳಗೆ ಕುಳಿತಿತು. ಬಾಗಿಲಿಗೆ ಮಾತ್ರ ಸೋಪು ಬೇಡ, ಹಳೆಯ ಸೊಲ್ಯೂಷನ್ ಕೆರೆದು, ತುಕ್ಕು ಉಜ್ಜಿ ಬಣ್ಣ ಬಳಿದು ಒಣಗಿಸಿದ ಮೇಲೇ ಹೊಸದನ್ನು ಅಂಟಿಸಬೇಕು. ಪಟ್ಟಿಯನ್ನು ಎಳೆದು ಅಂಟಿಸಬಾರದು ಎಂದರು ಮೇಸ್ತ್ರಿ, ಎಳೆದು ಅಂಟಿಸಿದರೆ ವರ್ಷದೊಳಗೆ ಮೂಲೆಯಲ್ಲಿ ಬಿರಿಯುತ್ತದೆ. ಓಝೋನಿನ ಪಾಠ ನನಗೆ ಬಿ.ಎಸ್ಸಿ.ಯಲ್ಲಿ ಬಂದದ್ದು ಆಮೇಲೆ.

ಪದ್ಮಿನಿಗಳು ಈಗ ರಸ್ತೆಯಲ್ಲಿ ಅಪರೂಪ. ಮುಂಬಯಿಯ ಪ್ರಸಿದ್ಧ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರಿಗೆ ಮುಗಿಯಿತು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋದಾಗ ಅಲ್ಲಿಯ ಹಳೆಯ ಕಾರುಗಳ ಹೊಳಪನ್ನಷ್ಟೇ ನೋಡಿ ಬರಬೇಡಿ, ದೂರದಿಂದಲೇ ಬಾಗಿಲಿನ ಅಂಚುಗಳನ್ನೂ ಗಮನಿಸಿ. ಫೆಲ್ಟು, ಬಟ್ಟೆ, ರಬ್ಬರು ಯಾವುದು ಎಲ್ಲಿದೆ ಎಂಬುದರಿಂದಲೇ ಕಾಲ ಊಹಿಸಬಹುದು.

ನಮ್ಮ ಕಾರು ಇನ್ನೂ ಇದೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಕಳೆದ ಸಲ ಅದಕ್ಕೆ ಹೊರಡುವ ಹಿಂದಿನ ದಿನ ನಾಲ್ಕು ಬಾಗಿಲಿಗೂ ಕಾಗದದ ಪಟ್ಟಿ ಸಿಕ್ಕಿಸಿ ಎಳೆದು ನೋಡಿದೆ. ಎಲ್ಲವೂ ಬಿಗಿಯಾಗಿಯೇ ಬಂದವು. ಆಮೇಲೆ ಕಡ್ಡಿಪೊರಕೆಯಿಂದ ಒಂದು ಕಡ್ಡಿ ಮುರಿದು ತಂದು ಎಡಗಡೆಯ ಹಿಂಬಾಗಿಲಿನ ತಳದ ತೂತಿಗೆ ಚುಚ್ಚಿದೆ. ಅರ್ಧ ಲೋಟದಷ್ಟು ಕೆಂಪು ನೀರು ಸುರಿದು ಚಪ್ಪಲಿಯ ಮೇಲೆ ಬಿತ್ತು.